ಬ್ಯಾಟರಿಯ ಮೇಲಿನ ವಿಭೂತಿ

ಪೂಜೆ ಮಾಡಿದ ವಾಹನ ನಡುದಾರಿಯಲ್ಲಿ ಕೈಕೊಡುವುದಿಲ್ಲ ಎಂಬುದು ಹಿರಿಯರ ನಂಬಿಕೆ. ನಮ್ಮ ಕ್ಯಾಂಪರ್ ವ್ಯಾನ್ ಆ ನಂಬಿಕೆಯನ್ನು ಉಳಿಸಿತು. ಅಮೆರಿಕದ ಸಮಾಮಿಶ್‌ನ ನಮ್ಮ ಮನೆಯ ಮುಂದೆಯೇ ಕೈಕೊಟ್ಟಿತು.

ದಸರೆಗೆ ಮುಂಚೆಯೇ ಮೈಸೂರಿನಿಂದ ಬಂದಿದ್ದ ಅತ್ತೆಯವರು ಊರಿಗೆ ಮರಳುವ ಮೊದಲು ಸಮುದ್ರ ನೋಡಬೇಕಿತ್ತು. ಅದಕ್ಕೆ ಉಳಿದಿದ್ದು ಆ ಭಾನುವಾರ ಮಾತ್ರ. ಚಳಿಗಾಲವಿಡೀ ನಿಂತಿದ್ದ ವ್ಯಾನಿನ ಕೀ ತಿರುಗಿಸಿದರೆ ಬರೀ ಟಕ್ ಟಕ್ ಸದ್ದು. ಬಾನೆಟ್ ಎತ್ತಿ ನೋಡಿದೆ. ಬ್ಯಾಟರಿಯ ಟರ್ಮಿನಲ್ ಮೇಲೆ ನೀಲಿ ಬೆರೆತ ಬಿಳಿ ಪುಡಿ ಕಟ್ಟಿಕೊಂಡಿತ್ತು. ಕೇಬಲ್ ಬಿಚ್ಚಿ, ಹಳೆಯ ಟೂತ್‌ಬ್ರಷ್ ಕೈಗೆತ್ತಿಕೊಂಡೆ.

“ಅಳಿಯಂದ್ರೇ, ಉಜ್ಜಬೇಡಿ! ಆಯುಧಪೂಜೇಲಿ ನಾನೇ ಹಚ್ಚಿದ ವಿಭೂತಿ ಅದು,” ಎಂದರು ಅತ್ತೆ.

“ಅಮ್ಮಾ, ವಿಭೂತಿ ಎಲ್ಲಾದ್ರೂ ನೀಲಿ ಇರುತ್ತಾ?” ಎಂದಳು ನನ್ನ ಹೆಂಡತಿ.

“ನೀಲಕಂಠಂದು ಕಣೇ, ಯಾಕಿರಬಾರದು?”

ಶಾಸ್ತ್ರಾರ್ಥವನ್ನು ಅಮ್ಮ ಮಗಳಿಗೆ ಬಿಟ್ಟು, ನಾನು ಅಡುಗೆ ಸೋಡಾ ಕಲಸಿದ ನೀರನ್ನು ಮೆಲ್ಲಗೆ ಸುರಿದೆ. ಪುಡಿ ಬುಸ್ಸೆಂದು ನೊರೆಯೆದ್ದಿತು. ಅತ್ತೆ ಗಾಬರಿಯಿಂದ ಹಿಂದೆ ಸರಿದರು.

“ಇದು ನಾನು ಹಚ್ಚಿದ್ದಲ್ಲ ಬಿಡಿ. ಚೆನ್ನಾಗಿ ಉಜ್ಜಿ.”

ಈಗ ತಿಂಗಳಿಗೊಮ್ಮೆ ಟರ್ಮಿನಲ್ ಒರೆಸುತ್ತೇನೆ. ಹೆಂಡತಿ ಅದನ್ನು ಅಭಿಷೇಕ ಎನ್ನುತ್ತಾಳೆ. ಅಂದು ಕೇಬಲ್ ಮತ್ತೆ ಬಿಗಿದ ಮೇಲೆ ವ್ಯಾನ್ ಸ್ಟಾರ್ಟ್ ಆಯಿತು. ಅತ್ತೆಯವರು ಸಮುದ್ರ ನೋಡಿದರು.