ಪಾಳಾದ ಗಂಗವ್ವನಿಗೆ ತಲುಪದ ತಿದ್ದುಪಡಿ

೨೦೦೬ರಲ್ಲಿ ನಾನು ಹುಬ್ಬಳ್ಳಿಯ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಅನಲಿಸ್ಟ್ ಆಗಿದ್ದೆ. ಗಿರಾಕಿಗೆ ಏನು ಬೇಕೆಂದು ಕೇಳಿ, ಪ್ರೋಗ್ರಾಂ ಬರೆಯುವವರಿಗೆ ವಿವರಿಸುವುದು ನನ್ನ ಕೆಲಸ. ಹಳಿಯಾಳದಲ್ಲಿ ಲ್ಯಾಬ್ ಇಟ್ಟುಕೊಂಡು ಜೋಯಿಡಾ, ಮುಂಡಗೋಡದ ಹಳ್ಳಿಗಳಿಗೆ ವ್ಯಾನ್ ಕಳಿಸುತ್ತಿದ್ದ ಆರೋಗ್ಯ ಸಂಸ್ಥೆಯೊಂದು ನಮ್ಮ ಗಿರಾಕಿ. ತಂಡವೆಲ್ಲ ಹುಬ್ಬಳ್ಳಿಯಲ್ಲಿ, ಹಳಿಯಾಳದ ಲಾಡ್ಜಿನಲ್ಲಿ ನಾನೊಬ್ಬಳೇ. ಸಂಜೆ ಖಾನಾವಳಿಯವರು “ಇನ್ನೊಂದು ರೊಟ್ಟಿ ಹಾಕ್ಲೇನ್ರಿ?” ಎಂದು ಕೇಳುವುದೇ ಎಷ್ಟೋ ದಿನ ನನ್ನ ಕಿವಿಗೆ ಬೀಳುತ್ತಿದ್ದ ಕೊನೆಯ ಮಾತು.

ನಾವು ‘ಅಜೈಲ್’ ಪದ್ಧತಿ ಅನುಸರಿಸುತ್ತಿದ್ದೆವು. ಅಂದರೆ, ಇಡೀ ಸಾಫ್ಟ್‌ವೇರ್ ಹೇಗಿರಬೇಕೆಂದು ಮೊದಲೇ ಬರೆದಿಡದೆ, ಎರಡೆರಡು ವಾರದ ಸುತ್ತುಗಳಲ್ಲಿ ಒಂದೊಂದು ತುಂಡು ಕಟ್ಟಿಕೊಡುವುದು. ಪ್ರತಿ ತುಂಡಿನ ವಿವರವನ್ನು ಅದರ ಸರದಿ ಬಂದಾಗ ಕೇಳುವುದು. ಮೊದಲ ಸುತ್ತಿನಲ್ಲಿ ಲ್ಯಾಬ್ ರಿಪೋರ್ಟ್ ಪ್ರಿಂಟ್ ಆಗಬೇಕಿತ್ತು. ಪ್ರಿಂಟ್ ಆದ ಮೇಲೆ ತಪ್ಪು ಕಂಡರೆ ಏನು ಮಾಡುವುದೆಂದು ಫೋನಿನಲ್ಲಿ ಕೇಳಿದೆ.

“ಸ್ಕ್ರೀನಿನ್ಯಾಗ ತಿದ್ದಲಿಕ್ಕೆ ಬರ್ತದಲ್ರಿ ಮೇಡಂ. ಉಳಿದದ್ದು ಮುಂದಿನ ಸುತ್ತಿನ್ಯಾಗ ನೋಡೂಣು” ಎಂದರು ತಂಡದ ಮುಖ್ಯಸ್ಥರು.

ಪದ್ಧತಿಯ ಪ್ರಕಾರ ಅದು ಸರಿಯಾದ ಉತ್ತರವೇ. ಆದರೆ ಪ್ರತಿ ಸುತ್ತಿನಲ್ಲೂ ಅದಕ್ಕಿಂತ ತುರ್ತಾದದ್ದು ಇನ್ನೇನೋ ಇರುತ್ತಿತ್ತು.

ದೀಪಾವಳಿ ಕಳೆದ ಮೇಲೆ, ಔಷಧಿ ಪಟ್ಟಿಯ ಹೊಸ ತುಂಡನ್ನು ಪರೀಕ್ಷಿಸಲು ವ್ಯಾನಿನಲ್ಲಿ ಮುಂಡಗೋಡ ತಾಲೂಕಿನ ಪಾಳಾಕ್ಕೆ ಹೋದೆ. ಕ್ಷಯದ ಗುಳಿಗೆ ತೆಗೆದುಕೊಳ್ಳುತ್ತಿದ್ದ ಗಂಗವ್ವನ ಮನೆ ಕೇಳಿದರೆ, ಅದೇ ಹೆಸರಿನ ಇನ್ನೊಬ್ಬಳ ಮನೆ ತೋರಿಸಿದರು. ಹಿತ್ತಲಿನ ಕಟ್ಟಿಗೆ ಚಪ್ಪರದಡಿ ಆಕೆ ಒಬ್ಬಳೇ ಕೂತಿದ್ದಳು. ಪಕ್ಕದಲ್ಲಿ ಒಂದು ಚಾಪೆ, ಒಂದು ತಾಟು.

“ಅಲ್ಲೇ ನಿಲ್ರಿ ಅಕ್ಕಾರ, ಹತ್ರ ಬರಬ್ಯಾಡ್ರಿ. ನನಗ ಕ್ಷಯ ಐತಿ.”

“ಗುಳಗಿ ತಗೊಳ್ಳಾಕತ್ತೀರೇನ್ರಿ?” ಎಂದೆ.

“ವ್ಯಾನ್ ಬಂದಾಗ ಗುಳಗಿಗೆ ಗಂಡನ ಹೆಸರು ಕೂಡಿಸಿ ಕರದ್ರು. ಆ ಇನ್ನೊಬ್ಬ ಗಂಗವ್ವನ್ನ ಕರದ್ರು, ನನ್ನ ಕರೀಲಿಲ್ಲ. ಇಕಿ ಇನ್ನ ಉಳಿಯೂದಿಲ್ಲ ಅಂತ ಬಿಟ್ಟಾರ ಅಂದ್ಕೊಂಡು ಸುಮ್ಮನ ಬಂದ್ನಿ.”

ಹಳಿಯಾಳಕ್ಕೆ ಮರಳಿ ವಿಚಾರಿಸಿದೆ. ಲ್ಯಾಬಿನಲ್ಲಿ ಒಬ್ಬ ಗಂಗವ್ವನ ಫಲಿತಾಂಶ ಇನ್ನೊಬ್ಬ ಗಂಗವ್ವನ ರಿಪೋರ್ಟಿಗೆ ಹೋಗಿತ್ತು. ಅದನ್ನು ಕಂಡುಹಿಡಿದು ಸ್ಕ್ರೀನಿನಲ್ಲಿ ತಿದ್ದಿಯೂ ಇದ್ದರು. ನಿಜವಾದ ರೋಗಿಗೆ ಗುಳಿಗೆ ಶುರುವಾಗಿತ್ತು. ಆದರೆ ಅಷ್ಟರಲ್ಲಿ ತಪ್ಪಿದ್ದ ಮೊದಲ ಪ್ರಿಂಟ್ ವ್ಯಾನಿನಲ್ಲಿ ಪಾಳಾ ಸೇರಿ, ಚಪ್ಪರದಡಿಯ ಗಂಗವ್ವನಿಗೆ ಕ್ಷಯ ಇದೆ ಎಂದು ಹೇಳಿಯಾಗಿತ್ತು. ಅದು ಯಾರ ಕೈಯಲ್ಲಿದೆ, ಯಾರು ವಾಪಸ್ ತರಬೇಕು ಎನ್ನುವುದಕ್ಕೆ ನಮ್ಮ ಸಾಫ್ಟ್‌ವೇರಿನಲ್ಲಿ ಜಾಗವೇ ಇರಲಿಲ್ಲ. ಕಂಪ್ಯೂಟರಿನಲ್ಲಿ ಎಲ್ಲವೂ ಸರಿಯಾಗಿತ್ತು.

ಸಂಸ್ಥೆಯ ಡಾಕ್ಟರು ಆಕೆಯ ಕಫವನ್ನು ಮತ್ತೆ ಪರೀಕ್ಷೆ ಮಾಡಿಸಿದರು. ಫಲಿತಾಂಶ ಹೇಳಲು ನಾನೇ ಹೋದೆ.

“ನಿಮಗ ಕ್ಷಯ ಇಲ್ರಿ. ಮೊದಲೂ ಇರಲಿಲ್ಲ.”

ಆಕೆ ಚಪ್ಪರದಡಿಯಿಂದ ಎದ್ದು ಅಂಗಳಕ್ಕೆ ಬಂದಳು. “ಹಂಗಾರ ಮಗಳನ್ನ ಎತ್ತಿಕೊಳ್ಳಬಹುದೇನ್ರಿ?”

“ಎತ್ತಿಕೊಳ್ರಿ” ಎಂದೆ. ಗಂಗವ್ವ ಮಗಳನ್ನು ಕರೆದಳು. ಪುಟ್ಟ ಹುಡುಗಿ ಅಜ್ಜಿಯ ಸೆರಗು ಹಿಡಿದು ನಿಂತೇ ಇತ್ತು. ಅವ್ವನಿಂದ ದೂರ ನಿಲ್ಲುವುದನ್ನು ಅದಕ್ಕೆ ಚೆನ್ನಾಗಿ ಕಲಿಸಿಬಿಟ್ಟಿದ್ದರು. ಗಂಗವ್ವ ಒತ್ತಾಯಿಸಲಿಲ್ಲ; ಅಂಗಳದಲ್ಲಿ ಕೂತು ಕಾದಳು. ನಮ್ಮ ವ್ಯಾನ್ ಹೊರಡುವವರೆಗೂ ಮಗು ಬಂದಿರಲಿಲ್ಲ.

ಮುಂದಿನ ಸುತ್ತಿನಲ್ಲಿ ಬೇರೆಲ್ಲ ಬದಿಗಿಟ್ಟು, ತಪ್ಪು ಪ್ರಿಂಟ್ ಯಾರ ಬಳಿ ಇದೆಯೆಂದು ತೋರಿಸಿ ವಾಪಸ್ ತರಿಸುವ ತಿದ್ದುಪಡಿಯ ತುಂಡನ್ನೇ ಕಟ್ಟಿದೆವು. ಆಮೇಲೂ ಅದೇ ಪದ್ಧತಿಯಲ್ಲಿ ಕೆಲಸ ಮಾಡಿದ್ದೇನೆ. ಎಲ್ಲ ವಿವರವೂ ಮೊದಲೇ ತಿಳಿಯುವುದಿಲ್ಲ ಎಂಬುದು ನಿಜ. ಆದರೆ “ಆಮೇಲೆ ನೋಡೋಣ” ಎಂದು ಯಾರಾದರೂ ಹೇಳಿದಾಗ, ಆ ‘ಆಮೇಲೆ’ ಬರುವತನಕ ಕಾಯಬೇಕಾದವರು ಯಾರು ಎಂದು ಕೇಳುತ್ತೇನೆ. ಆ ಹೆಸರು ಗೊತ್ತಾಗದೆ ಯಾವ ತುಂಡನ್ನೂ ಗಿರಾಕಿಯ ಕೈಗೆ ಕೊಡಲು ನಾನು ಒಪ್ಪಿಲ್ಲ.