ಅಪ್ಪನ ಇಂಜಿನ್ನಿಗೆ ಜೋಡಿ ಹುಡುಕಿದ ಮಳೆಗಾಲ

ಆಗೆಲ್ಲ ಅರಕೇರಾದ ಯಾವ ಓಣಿಯಲ್ಲಿ ನಿಂತರೂ ನಮ್ಮ ಹಿಟ್ಟಿನ ಗಿರಣಿಯ ಸಪ್ಪಳ ಕೇಳುತ್ತಿತ್ತು. ಸಪ್ಪಳ ನಿಂತರೆ ಹೆಂಗಸರು ಹೊಸ್ತಿಲಿಗೆ ಬಂದು ಏನಾಯಿತೆಂದು ವಿಚಾರಿಸುವ ಕಾಲ ಅದು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಕರೆಂಟು ಊರಿಗೆ ಬಂದಿತ್ತಾದರೂ ಅದನ್ನು ನಂಬಿ ಯಾರೂ ಜೋಳ ಬೀಸಿಸುತ್ತಿರಲಿಲ್ಲ. ನಮ್ಮದು ಡೀಸೆಲ್ ಇಂಜಿನ್. ರಾಯಚೂರಿನಲ್ಲಿ ಮುಚ್ಚಿಹೋದ ಹತ್ತಿ ಬಿಡಿಸುವ ಒಂದು ಜಿನ್ನಿನಿಂದ ಅಪ್ಪ ಅದನ್ನು ಬಂಡಿ ಮೇಲೆ ಹೇರಿಕೊಂಡು ಬಂದಿದ್ದ. ಬಿಸಿ ಹಿಟ್ಟು, ಸುಟ್ಟ ಎಣ್ಣೆ, ಒದ್ದೆ ಗೋಣಿಚೀಲದ ವಾಸನೆ ನಮ್ಮ ಮೈಗೇ ಅಂಟಿಬಿಟ್ಟಿತ್ತು. ಶಾಲೆಯಲ್ಲಿ ನನ್ನ ಪಕ್ಕ ಕೂತವರಿಗೆ ಹಸಿವಾಗುತ್ತಿತ್ತಂತೆ. ನನಗೆ ಮಾತ್ರ ಸಿಟ್ಟು ಬರುತ್ತಿತ್ತು.

ಆ ವರ್ಷ ನಾನು ಏಳನೇ ಕ್ಲಾಸು ಪಾಸಾಗಿದ್ದೆ. ನಮ್ಮೂರ ಹುಡುಗಿಯರ ಓದು ಅಲ್ಲಿಗೆ ಮುಗಿಯುತ್ತಿತ್ತು. ನನ್ನ ಪುಣ್ಯಕ್ಕೆ ರಾಯಚೂರಿನ ಸೋದರತ್ತೆ, ಹುಡುಗಿಯನ್ನು ನನ್ನ ಹತ್ತಿರ ಬಿಡು, ಹೈಸ್ಕೂಲಿಗೆ ಕಳಿಸುತ್ತೇನೆ ಎಂದು ಅಪ್ಪನಿಗೆ ಹೇಳಿಯಾಗಿತ್ತು. ನಾನಂತೂ ಓಣಿಯಲ್ಲೆಲ್ಲ ಡಂಗುರ ಸಾರಿ ಬಂದಿದ್ದೆ.

ಅಷ್ಟರಲ್ಲಿ ಅಪ್ಪನ ತಲೆಗೆ ಹುಳ ಹೊಕ್ಕಿತು. ಜೋಳದ ಕಲ್ಲಿನ ಪಕ್ಕದಲ್ಲಿ ಖಾರ ಬೀಸುವ ಕಲ್ಲೊಂದನ್ನು ಹಾಕಬೇಕು. ಆದರೆ ಮುದಿ ಇಂಜಿನ್ ಎರಡು ಕಲ್ಲು ಎಳೆಯುತ್ತಿರಲಿಲ್ಲ. ಮಾನ್ವಿಯಿಂದ ಮೆಹಬೂಬ ಮಿಸ್ತ್ರಿ ಬಂದ. ಇಂಜಿನ್ ಬದಲಿಸುವುದು ಬೇಡ, ಒಳಗಿನ ಕ್ರ್ಯಾಂಕು ಬದಲಿಸೋಣ ಎಂದ. ಕ್ರ್ಯಾಂಕೆಂದರೆ ಪಿಸ್ಟನ್ನುಗಳನ್ನು ಮೇಲೆ ಕೆಳಗೆ ಆಡಿಸುವ ಬಾಗಿದ ಕಬ್ಬಿಣ. ಅದರ ಬಾಗು ಹೆಚ್ಚಾದರೆ ಪಿಸ್ಟನ್ ಹೆಚ್ಚು ದೂರ ಓಡುತ್ತದೆ, ಬಲವೂ ಹೆಚ್ಚುತ್ತದೆ. ಆದರೆ ಅದೇ ಪಿಸ್ಟನ್ ಹೆಚ್ಚು ಮೇಲೆ ಹೋಗಿ ತಲೆಯ ಮುಚ್ಚಳಕ್ಕೆ ಬಡಿಯಲೂಬಹುದು. ಹಾಗಾಗಿ ಹೊಸ ಕ್ರ್ಯಾಂಕಿಗೆ ಹೊಂದುವ ಪಿಸ್ಟನ್ನನ್ನೋ, ಪಿಸ್ಟನ್ನಿಗೂ ಕ್ರ್ಯಾಂಕಿಗೂ ನಡುವಿನ ರಾಡನ್ನೋ ಹುಡುಕಬೇಕಿತ್ತು. ಇಂಜಿನ್ ಚಾಲೂ ಆದ ಮರುದಿನವೇ ನಿನ್ನನ್ನು ರಾಯಚೂರಿಗೆ ಬಿಟ್ಟು ಬರುತ್ತೇನೆ ಎಂದು ಅಪ್ಪ ನನಗೆ ಮಾತು ಕೊಟ್ಟ.

ಇಂಜಿನ್ ಬಿಚ್ಚಿದರು, ನಾವು ಸೆರೆಯಾದೆವು. ಗಿರಣಿಯ ಹಿಂದಿನ ಎರಡು ಖೋಲಿಗಳೇ ನಮ್ಮ ಮನೆ, ಹೊರಗೆ ಹೋಗಲು ಗಿರಣಿಯ ಬಾಗಿಲೊಂದೇ ದಾರಿ. ಆ ದಾರಿಯ ತುಂಬ ಗೋಣಿಚೀಲ ಹಾಸಿ ಸಾಮಾನು ಹರಡಿದ್ದರು. ಒಂದು ಬೋಲ್ಟು ಕಾಲಿಗೆ ತಾಗಿದರೂ ಬೈಗುಳ. ಹೊರಗೆ ಜಿಟಿಜಿಟಿ ಮಳೆ, ಕರಿಮಣ್ಣಿನ ಕೆಸರು. ಗಿರಣಿ ನಿಂತಿದೆಯೆಂದು ಊರಿನ ಹೊಟ್ಟೆ ನಿಲ್ಲುತ್ತದೆಯೇ? ಬಾಣಂತಿಯರಿದ್ದ ಮನೆಯವರು, ಮುದುಕರು ಜೋಳ ತಂದು ಕೊಡುತ್ತಿದ್ದರು. ಅವ್ವ, ನಾನು ಎದುರುಬದುರು ಕೂತು ಬೀಸುಕಲ್ಲು ತಿರುಗಿಸುತ್ತಿದ್ದೆವು. ಅಂಗೈಯಲ್ಲಿ ಬೊಬ್ಬೆ ಬಂದವು. ರಾಯಚೂರಿನಲ್ಲಿ ಶಾಲೆ ಶುರುವಾಯಿತೆಂಬ ಸುದ್ದಿಯೂ ಬಂತು. ನನಗೆ ಅನ್ನ ರುಚಿಸದಾಯಿತು.

ಹೊಸ ಕ್ರ್ಯಾಂಕು ಕೂಡಿಸಿದ ಮೇಲೆ ಮಿಸ್ತ್ರಿ ಮೊದಲು ತಂದದ್ದು ಗಿಡ್ಡ ರಾಡುಗಳನ್ನು. ಹಳೇ ಪಿಸ್ಟನ್ನಿಗೆ ಅವನ್ನು ಜೋಡಿಸಿ, ಮೇಲೆ ಎಷ್ಟು ಜಾಗ ಉಳಿಯುತ್ತದೆಂದು ನೋಡಲು ನಾದಿದ ಹಿಟ್ಟು ಕೇಳಿದ. ನಾನು ಓಡಿಹೋಗಿ ತಣ್ಣೀರಿನಲ್ಲೇ ಜೋಳದ ಹಿಟ್ಟು ಕಲಸಿ ತಂದೆ. ಪಿಸ್ಟನ್ನಿನ ನೆತ್ತಿಗೆ ಇಟ್ಟು ಒತ್ತಿದರೆ ಅದು ಪುಡಿಪುಡಿಯಾಗಿ ಉದುರಿತು. ಹನ್ನೆರಡು ದಾಟಿದ ಹುಡುಗಿಗೆ ಎಸರು ಇಟ್ಟು ಹಿಟ್ಟು ನಾದಬೇಕೆಂದು ತಿಳಿಯುವುದಿಲ್ಲವೇ ಎಂದು ಅವ್ವ ಮೂಗು ಮುರಿದಳು. ಕುದಿಯುವ ನೀರು ಹಾಕಿ ತಾನೇ ನಾದಿ ಕೊಟ್ಟಳು. ಅದನ್ನಿಟ್ಟು, ಮುಚ್ಚಳ ಬಿಗಿದು, ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿ, ಮತ್ತೆ ಬಿಚ್ಚಿದರು. ಹಿಟ್ಟು ನಾಲ್ಕಾಣೆ ನಾಣ್ಯದಷ್ಟು ದಪ್ಪ ಉಳಿದಿತ್ತು. ಅಷ್ಟೇ ಬೇಕಿತ್ತು ಎಂದು ಮಿಸ್ತ್ರಿ ತಲೆಯಾಡಿಸಿದ. ನಾನು ಕುಣಿಯುವುದೊಂದು ಬಾಕಿ.

ಮಿಸ್ತ್ರಿ ಮತ್ತೆ ಚಕ್ರ ತಿರುಗಿಸಿದ. ಪಿಸ್ಟನ್ ಕೆಳಗಿಳಿದಾಗ ಟಕ್ಕೆಂದಿತು. ಗಿಡ್ಡ ರಾಡು ಅದನ್ನು ತೀರಾ ಕೆಳಗೆ ಎಳೆದಿತ್ತು, ಪಿಸ್ಟನ್ನಿನ ಅಂಚು ಕ್ರ್ಯಾಂಕಿಗೆ ತಾಗುತ್ತಿತ್ತು. ತಾಗುವಷ್ಟು ಅಂಚನ್ನು ಕೊರೆದುಬಿಟ್ಟರೆ ಹೇಗೆ ಎಂದು ಅಪ್ಪ ಕೇಳಿದ.

"ಕೊರದ್ರ ಇವತ್ತು ಓಡ್ತದ ಸಾವ್ಕಾರ್ರ. ಬ್ಯಾಸಗಿಗಿ ಸೀಳ್ತದ," ಎಂದ ಮಿಸ್ತ್ರಿ. ತಲೆ ಗಿಡ್ಡವಿರುವ ಪಿಸ್ಟನ್ನುಗಳೇ ಬೇಕು, ಸಿಗುವತನಕ ಕಾಯಬೇಕು ಎಂದ.

ನನಗೆ ತಡೆಯಲಾಗಲಿಲ್ಲ. "ಕೊರೀರಿ ಕಾಕಾ," ಎಂದುಬಿಟ್ಟೆ.

"ಎಲ್ಲಿಗಿ ಹೋಗೋದದ ಬೇಟಿ, ಇಷ್ಟು ಅವಸರ?"

ರಾಯಚೂರಿಗೆ, ಶಾಲೆಗೆ ಎಂದು ಹೇಳುತ್ತಲೇ ಅಳು ಬಂತು. ಮಿಸ್ತ್ರಿ ಕೈ ಒರೆಸಿಕೊಂಡು ಎದ್ದ. ಸುರಿಯುವ ಮಳೆಯಲ್ಲೇ ಬಸ್ಸು ಹಿಡಿದು ರಾಯಚೂರಿಗೆ ಹೋದ. ಹುಡುಗಿಯ ಓದು ನನ್ನ ಸಲುವಾಗಿ ನಿಲ್ಲಬಾರದು ಎಂದನಂತೆ, ಅವ್ವ ಆಮೇಲೆ ಹೇಳಿದಳು.

ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ, ರಾಡು ಸೇರುವ ಪಿನ್ನಿನ ತೂತು ಮೇಲಕ್ಕಿದ್ದ ಗಿಡ್ಡ ಪಿಸ್ಟನ್ನುಗಳನ್ನು ಚೀಲದಲ್ಲಿ ಹೊತ್ತು ತಂದ. ಇನ್ನು ರಾಡು ಹಳೆಯವೇ ಸಾಕಿತ್ತು. ಆದರೆ ಎರಡೂ ಪಿಸ್ಟನ್ನುಗಳ ತೂಕ ಒಂದೇ ಇರಬೇಕು. ಒಂದು ಭಾರ, ಒಂದು ಹಗುರವಾದರೆ ಇಂಜಿನ್ ಕುಣಿಯುತ್ತದೆ. ಗಿರಣಿಯ ತಕ್ಕಡಿಯ ಆ ಪರಡಿಯಲ್ಲೊಂದು, ಈ ಪರಡಿಯಲ್ಲೊಂದು ಇಟ್ಟು, ಮುಳ್ಳು ನೋಡುವ ಕೆಲಸ ನನ್ನದು. ಮಿಸ್ತ್ರಿ ಭಾರದ್ದನ್ನು ಒಳಗಿನಿಂದ ಕೆರೆಯುತ್ತಿದ್ದ, ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮುಳ್ಳು ನೋಡುತ್ತಿದ್ದೆ. ದೇವರೇ, ಸರಿಹೋಗಲಿ ಎಂದು ಬೇಡಿಕೊಂಡೆ. ಸರಿಹೋಯಿತು. ಜೋಡಿಸಿ ಚಕ್ರ ತಿರುಗಿಸಿದರೆ ಪಿಸ್ಟನ್ ಮೇಲೂ ತಾಗಲಿಲ್ಲ, ಕೆಳಗೂ ತಾಗಲಿಲ್ಲ.

ಇಂಜಿನ್ ಚಾಲೂ ಆದಾಗ ಗೋಡೆ ನಡುಗಿತು. ಎರಡೂ ಕಲ್ಲುಗಳನ್ನು ಲೀಲಾಜಾಲವಾಗಿ ಎಳೆಯಿತು. ಅಪ್ಪ ಊರಿಗೆಲ್ಲ ಬೆಲ್ಲ ಹಂಚಿದ. ಆ ಸಂಜೆ ನನ್ನಷ್ಟು ಖುಷಿಯಾಗಿದ್ದವರು ಆ ಊರಲ್ಲಿ ಯಾರೂ ಇರಲಿಲ್ಲ.

ಮರುದಿನ ಬೆಳಗಾಗುವಷ್ಟರಲ್ಲಿ ಸುತ್ತಲಿನ ಹಳ್ಳಿಗಳಿಂದ ಮೆಣಸಿನಕಾಯಿ ಚೀಲಗಳು ಬಂದು ಬಿದ್ದವು. ಅಪ್ಪ ಜೋಳದ ಕಲ್ಲಿಗೆ ನಿಂತ. ಇವತ್ತೊಂದು ದಿನ ಖಾರದ ಕಲ್ಲಿಗೆ ನಿಲ್ಲು ಎಂದು ನನಗೆ ಹೇಳಿದ. ಮೂಗಿಗೆ ಬಟ್ಟೆ ಕಟ್ಟಿಕೊಂಡು ನಿಂತೆ. ಆ ಒಂದು ದಿನ ವಾರವಾಯಿತು. ಅವ್ವ, ಹುಡುಗಿಯನ್ನು ಯಾವಾಗ ಬಿಟ್ಟು ಬರುತ್ತೀರಿ ಎಂದು ಕೇಳಿದಾಗಲೆಲ್ಲ ಅಪ್ಪ ಬರುವ ಸೋಮವಾರ ಎನ್ನುತ್ತಿದ್ದ. ಸುಳ್ಳು ಹೇಳುತ್ತಿರಲಿಲ್ಲ, ಹೇಳುವಾಗ ಅವನೂ ನಂಬಿರುತ್ತಿದ್ದ.

ದಸರೆಯ ಹೊತ್ತಿಗೆ ಮಿಸ್ತ್ರಿ ಇಂಜಿನ್ ನೋಡಿಹೋಗಲು ಬಂದ. ಕೆಂಪು ಧೂಳು ಮೆತ್ತಿದ ನನ್ನ ಮುಖ ನೋಡಿ ಗುರುತು ಹಿಡಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಹುಡುಗಿ ರಾಯಚೂರಿಗಿ ಹೋಗಲಿಲ್ಲೇನ್ರಿ?"

"ನೀ ಕೂಡ್ಸಿದ ಇಂಜಿನ್ ಭಾಳ ಚೊಲೋ ಎಳ್ಯಾಕತ್ತದ ಮಿಸ್ತ್ರಿ," ಎಂದ ಅಪ್ಪ. "ಕೈ ಸಾಲವಲ್ವು."

ಮಿಸ್ತ್ರಿ ಆ ದಿನ ಚಹಾ ಕುಡಿಯದೆ ಹೋದ.

ಎಂಟನೇ ಕ್ಲಾಸಿನ ಪುಸ್ತಕಗಳನ್ನು ನಾನು ಓದಿದ್ದು ನನ್ನ ಮಗಳಿಗೆ ಪಾಠ ಹೇಳಿಕೊಡುವ ನೆಪದಲ್ಲಿ. ಈಗ ಎಲ್ಲರ ಮನೆಗೂ ಪ್ಯಾಕೆಟ್ಟಿನ ಹಿಟ್ಟು, ಪ್ಯಾಕೆಟ್ಟಿನ ಖಾರ. ಗಿರಣಿಯ ಹಿಟ್ಟಿನ ವಾಸನೆ ಹೋಯಿತಲ್ಲ ಎಂದು ನನ್ನ ವಾರಿಗೆಯವರು ಹಲುಬುತ್ತಾರೆ. ನಾನು ಪ್ಯಾಕೆಟ್ಟು ಕತ್ತರಿಸಿ ಡಬ್ಬಿಗೆ ಸುರಿಯುತ್ತೇನೆ.

ಇಂಜಿನ್ನನ್ನು ಗುಜರಿಯವರು ಹೊತ್ತುಕೊಂಡು ಹೋದ ದಿನ ನಾನು ತವರಿನಲ್ಲಿದ್ದೆ. ಬರಿದಾದ ಗಿರಣಿಯಲ್ಲಿ ಅಪ್ಪ ಗೋಡೆಗೆ ಒರಗಿ ಕೂತಿದ್ದ. ನನ್ನನ್ನು ಕರೆದು ಕೇಳಿದ, "ಶಾಲಿಗಿ ಯಾಕ ಕಳ್ಸಲಿಲ್ಲ ಅಂತ ನೀ ಒಮ್ಮಿನೂ ಕೇಳಲಿಲ್ಲಲ್ಲ ಯವ್ವಾ?"

"ದಿನಾ ಕೇಳೀನಪ್ಪಾ," ಎಂದೆ. "ಇಂಜಿನ್ ಸಪ್ಪಳದಾಗ ನಿನಗ ಕೇಳ್ಸಲಿಲ್ಲ."

ಮುಂದಿನ ಮಳೆಗಾಲಕ್ಕೆ ಅಪ್ಪನೂ ಇರಲಿಲ್ಲ. ಈಗ ಆ ಓಣಿಯಲ್ಲಿ ಎಲ್ಲಿ ನಿಂತು ಮಾತಾಡಿದರೂ ಕೇಳಿಸುತ್ತದೆ. ನಾನು ಹೇಳಬೇಕಾದ್ದನ್ನು ಕೇಳಬೇಕಾದವನು ಮಾತ್ರ ಇಲ್ಲ.