ಅದೇ ನಂಬರಿನ ದಾರ

ಮೊದಲು ಬಲೂನಿನ ವಿಷಯ ಹೇಳಿಬಿಡುತ್ತೇನೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ನನ್ನ ಮೊಮ್ಮಗಳ ನಾಮಕರಣಕ್ಕೆ ಇಂದಿರಾನಗರದ ಒಂದು ಹಾಲ್‌ನಲ್ಲಿ ತೊಟ್ಟಿಲ ಹಿಂದೆ ಬಲೂನಿನ ಕಮಾನು ಕಟ್ಟಿಸಿದೆವು. ಗುಲಾಬಿ, ಬಿಳಿ, ನಡುನಡುವೆ ಚಿನ್ನದ ಬಣ್ಣ. ಕಟ್ಟುವವನು ಹೇಳಿದ ರೇಟಿಗೆ ನಾನು ಚಕಾರ ಎತ್ತಲಿಲ್ಲ. ಊಟ ಮುಗಿಯುವಷ್ಟರಲ್ಲಿ ಅರ್ಧ ಬಲೂನು ಒಡೆದು ರಬ್ಬರಿನ ಚಿಂದಿ ನೆಲದ ತುಂಬಾ ಬಿದ್ದಿತ್ತು. ಯಾರೂ ಒಂದು ಮಾತು ಆಡಲಿಲ್ಲ. ಅದೇ ಸಮಾರಂಭಕ್ಕೆ ಅಂತ ನನ್ನಮ್ಮ ನಾಲ್ಕು ತಿಂಗಳು ಕೂತು ತೊಟ್ಟಿಲ ಹಾಸೊಂದನ್ನು ಕ್ರಾಸ್ ಸ್ಟಿಚ್ಚಿನಲ್ಲಿ ಹೊಲಿದಿದ್ದರು. ಅದಕ್ಕೆ ದಾರ ಕೊಳ್ಳುವಾಗ ಮಾತ್ರ ಇದೇ ನಾನು ಕೈ ಬಿಗಿ ಹಿಡಿದೆ. ಥೂ, ನನ್ನ ಬುದ್ಧಿಗಿಷ್ಟು!

ಅಮ್ಮನಿಗೆ ಎಪ್ಪತ್ತೆಂಟು. ಜೀವನ್ ಬಿಮಾ ನಗರದಲ್ಲಿ ನಮ್ಮ ಜೊತೆಯಲ್ಲೇ ಇದ್ದಾರೆ. ಹುಟ್ಟಿ ಬೆಳೆದದ್ದು ಹಲಸೂರು. ಅಲ್ಲಿನ ಶಾಲೆಯಲ್ಲಿ ಒಬ್ಬ ಆಂಗ್ಲೋ ಇಂಡಿಯನ್ ಟೀಚರಮ್ಮ ಹೊಲಿಗೆ ಕಲಿಸುತ್ತಿದ್ದರಂತೆ. ಕೆಲಸ ಮುಗಿಸಿ ಕೊಟ್ಟರೆ ಆಕೆ ಮೊದಲು ಬಟ್ಟೆ ಮಗುಚಿ ಹಿಂಭಾಗ ನೋಡುತ್ತಿದ್ದರಂತೆ, ಅಲ್ಲಿ ಒಂದು ಗಂಟು ಕಂಡರೂ ಎಲ್ಲ ಬಿಚ್ಚಿಸುತ್ತಿದ್ದರಂತೆ. ಅಮ್ಮ ಅಲ್ಲಿ ಕಲಿತದ್ದನ್ನು ಬಿಡಲೇ ಇಲ್ಲ. ನಮ್ಮ ಮನೆಯಲ್ಲಿ ದೇವರ ಪರದೆ, ದಿಂಬಿನ ಕವರು, ಬಾಗಿಲ ತೋರಣ ಎಲ್ಲದರಲ್ಲೂ ಅವರ ಪುಟ್ಟ ಪುಟ್ಟ ಕ್ರಾಸ್ ಸ್ಟಿಚ್ ಹೊಲಿಗೆ ಇದೆ. ಹಳೆಯ ಮದುವೆ ಕಾಗದಗಳನ್ನು ಬೆರಳುದ್ದ ಕತ್ತರಿಸಿ, ಒಂದೊಂದಕ್ಕೆ ಒಂದೊಂದು ಬಣ್ಣದ ದಾರ ಸುತ್ತಿ, ಮೇಲೆ ಆ ಬಣ್ಣದ ನಂಬರು ಬರೆದು ಬಿಸ್ಕತ್ತಿನ ಡಬ್ಬದಲ್ಲಿ ಸಾಲಾಗಿ ಇಟ್ಟುಕೊಳ್ಳುವುದು ಅವರ ಪದ್ಧತಿ.

ಮೂರು ವರ್ಷದಿಂದ ಅವರ ಕಣ್ಣು ಕಡಿಮೆಯಾಗುತ್ತಿದೆ. ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ಇದ್ದಷ್ಟು ದಿನ ಇರುತ್ತದೆ ಎಂದು ಡಾಕ್ಟರು ಸ್ಪಷ್ಟವಾಗಿಯೇ ಹೇಳಿದ್ದರು. ಬಸುರಿ ಮಗಳಿಗೆ ಆರು ತಿಂಗಳು ತುಂಬಿದ ದಿನ ಅಮ್ಮ ನನ್ನನ್ನು ಕರೆದು, "ಉಳಿದಿರೋ ಕಣ್ಣಲ್ಲಿ ಮಗೂಗೆ ಒಂದು ತೊಟ್ಟಿಲ ಹಾಸು ಹಾಕ್ಬಿಡ್ತೀನಿ. ಆಮೇಲೆ ಸೂಜಿ ಮುಟ್ಟಕ್ಕೆ ಆಗುತ್ತೋ ಇಲ್ವೋ. ಶಿವಾಜಿನಗರಕ್ಕೆ ಹೋಗಿ ದಾರ ತಂದ್ಕೊಡು. ಕಂಪನೀದೇ ತಾ ಮತ್ತೆ," ಎಂದರು. ಬೇಕಾದ ನಂಬರುಗಳನ್ನು ಬಾಯಲ್ಲೇ ಹೇಳಿ ಬರೆಸಿದರು. ಹಾಸಿನ ಮೇಲೆ ಎರಡು ಹಸಿರು ಗಿಳಿ, ಮಾವಿನೆಲೆ, ಸುತ್ತಲೂ ದಪ್ಪ ಕೆಂಪು ಅಂಚು ಬರಬೇಕಿತ್ತು.

ಮೆಟ್ರೋ ಹಿಡಿದು ಎಂ.ಜಿ. ರೋಡಿನಲ್ಲಿ ಇಳಿದು, ಕಮರ್ಷಿಯಲ್ ಸ್ಟ್ರೀಟ್ ದಾಟಿ ಶಿವಾಜಿನಗರದ ಗಲ್ಲಿಯೊಂದರ ದಾರದ ಅಂಗಡಿಗೆ ಹೋದೆ. ಅಂಗಡಿಯ ಯಜಮಾನರು ವಯಸ್ಸಾದವರು. ಕನ್ನಡ, ತಮಿಳು, ಉರ್ದು ಮೂರನ್ನೂ ಒಂದೇ ಉಸಿರಲ್ಲಿ ಆಡುವವರು. ಚೀಟಿ ನೋಡಿ ಕೆಂಪು ದಾರದ ಎರಡು ಲಡಿಗಳನ್ನು ನನ್ನ ಮುಂದೆ ಇಟ್ಟರು.

"ನೋಡಮ್ಮಾ, ಇದು ಕಂಪನಿ ಮಾಲು. ಬಣ್ಣ ಪಕ್ಕಾ. ಇದು ಲೋಕಲ್ಲು. ನಂಬರ್ ಸೇಮ್, ಕಲರ್ ಸೇಮ್. ರೇಟು ಮೂರರಲ್ಲಿ ಒಂದು ಪಾಲು. ನಿಮ್ದು ಗೋಡೆಗಾ, ತೊಳ್ಯೋ ಬಟ್ಟೆಗಾ?"

ಎಷ್ಟು ಸರಿಯಾದ ಪ್ರಶ್ನೆ ಕೇಳಿದ್ದರು ಆ ಮನುಷ್ಯ! ತೊಟ್ಟಿಲ ಹಾಸು ತೊಳೆಯದ ಬಟ್ಟೆಯೇ? ದಿನಕ್ಕೆ ಮೂರು ಸಲ ಒದ್ದೆಯಾಗುವ ಬಟ್ಟೆ. ನನಗೆ ಗೊತ್ತಿತ್ತು. ಗೊತ್ತಿದ್ದೂ "ಗೋಡೆಗೆ" ಎಂದೆ.

"ಹಂಗಾದ್ರೆ ಇದೇ ಸಾಕು," ಎಂದು ಅವರು ಅಗ್ಗದ್ದನ್ನು ಕಟ್ಟಿಕೊಟ್ಟರು.

ಯಾಕೆ ಹಾಗೆಂದೆ ಅಂದರೆ, ಈಗ ಮುಚ್ಚಿಟ್ಟು ಏನು ಮಾಡಲಿ, ಹೇಳಿಯೇ ಬಿಡುತ್ತೇನೆ. ದುಡ್ಡಿರಲಿಲ್ಲ ಎಂದಲ್ಲ. ಮುದುಕಿ, ಕಣ್ಣು ಅರ್ಧಂಬರ್ಧ, ಮುಗಿಸುತ್ತಾಳೋ ನಡುವೆ ಬಿಡುತ್ತಾಳೋ, ಹೊತ್ತು ಕಳೆಯುವ ಕೆಲಸಕ್ಕೆ ಅಷ್ಟು ದುಬಾರಿ ದಾರ ಯಾಕೆ ಅನ್ನಿಸಿತು. ಅಮ್ಮನ ಬಗ್ಗೆಯೇ ಹಾಗೆ ಅನ್ನಿಸಿತು. ನಂಬರು ಒಂದೇ ತಾನೇ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಮನೆಗೆ ಬಂದವಳೇ ಕೋಣೆಯ ಬಾಗಿಲು ಹಾಕಿಕೊಂಡು, ಲಡಿಗಳಿಗೆ ಸುತ್ತಿದ್ದ ಕಾಗದದ ಪಟ್ಟಿಗಳನ್ನೆಲ್ಲ ಕಿತ್ತೆಸೆದೆ. ದಾರವನ್ನು ಮದುವೆ ಕಾಗದದ ತುಂಡುಗಳಿಗೆ ಸುತ್ತಿ, ಮಾರ್ಕರಿನಲ್ಲಿ ದೊಡ್ಡದಾಗಿ ನಂಬರು ಬರೆದು ಡಬ್ಬಕ್ಕೆ ಜೋಡಿಸಿದೆ. ಅಮ್ಮನಿಗೆ ಎಷ್ಟು ಸಂತೋಷವಾಯಿತು ಎಂದರೆ, "ಸುತ್ತೂ ಇಟ್ಬಿಟ್ಯಾ? ನನ್ ಬಂಗಾರ! ಕಂಪನೀದೇ ತಾನೆ?" ಎಂದು ನನ್ನ ಗಲ್ಲ ಹಿಡಿದರು.

"ಹೂಂನಮ್ಮ, ನೀನು ಹೇಳಿದ್ದೇ," ಎಂದೆ.

ಮಾರನೆಯ ದಿನದಿಂದ ಶುರುವಾಯಿತು. ತಿಂಡಿ ತಿಂದು, ಬಿಸಿಲು ಕಿಟಕಿಗೆ ಬರುತ್ತಿದ್ದಂತೆ ಅಮ್ಮ ಮಣೆ ಎಳೆದು ಕೂರುತ್ತಿದ್ದರು. ಚೌಕಳಿ ತೂತಿನ ಮ್ಯಾಟಿ ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದು, ತುಟಿ ಅಲ್ಲಾಡಿಸುತ್ತಾ ತೂತು ಎಣಿಸುತ್ತಿದ್ದರು. ಬಿಸಿಲು ಸರಿದರೆ ಅವತ್ತಿನ ಕೆಲಸ ಮುಗಿಯಿತು. ಆ ಹಾಳು ದಾರವೋ, ನಾಲ್ಕು ಹೊಲಿಗೆಗೊಮ್ಮೆ ಗಂಟು ಬೀಳುತ್ತಿತ್ತು. ನೂಲು ಎದ್ದು ಜುಂಗುಜುಂಗಾಗುತ್ತಿತ್ತು. ಎಳೆದರೆ ತುಂಡಾಗುತ್ತಿತ್ತು. ಪ್ರತಿ ಸಲವೂ ಅಮ್ಮ ಬೈದುಕೊಂಡದ್ದು ತಮ್ಮನ್ನೇ.

"ಕೈ ನಡುಗಕ್ಕೆ ಶುರುವಾಯ್ತು ಕಣೇ. ಮೊದ್ಲು ಹಿಂಗೆ ಗಂಟೇ ಬೀಳ್ತಿರ್ಲಿಲ್ಲ."

ಅದಕ್ಕೆ ನಾನು ಕೊಟ್ಟ ಉತ್ತರ ಕೇಳಿ. "ಸ್ವಲ್ಪ ನಿಧಾನಕ್ಕೆ ಎಳಿಯಮ್ಮ, ಯಾಕೆ ಅಷ್ಟು ಅವಸರ ಮಾಡ್ತೀಯಾ?" ಎಂದು ಗದರಿಸುತ್ತಿದ್ದೆ. ಅವರು ಹೂಂಗುಟ್ಟಿ ನಿಧಾನಕ್ಕೆ ಎಳೆಯುತ್ತಿದ್ದರು.

ಆದರೂ ಮುಗಿಸಿದರು. ಅದೂ ನಾಮಕರಣಕ್ಕೆ ಇನ್ನೂ ನಾಲ್ಕು ದಿನ ಇರುವಾಗಲೇ! ಬಟ್ಟೆಯನ್ನು ಮಂಚದ ಮೇಲೆ ಹಾಸಿದಾಗ ನನ್ನ ಮಗಳು ಮಗುವನ್ನು ಎತ್ತಿಕೊಂಡು ಬಂದು, "ಅಜ್ಜಿ, ಗಿಳಿ ಹಾರೋ ಹಂಗಿದೆ," ಎಂದಳು. ನನಗೂ ಎದೆ ತುಂಬಿ ಬಂತು. ಒಂದು ಕ್ಷಣ, ನೋಡಿದ್ರಾ, ಅಗ್ಗದ ದಾರದಲ್ಲೂ ಆಗುತ್ತದೆ ಎಂದು ಹೆಮ್ಮೆಯೂ ಪಟ್ಟೆ.

ನಮ್ಮ ಮನೆಗಳಲ್ಲಿ ಹೊಸ ಬಟ್ಟೆಯನ್ನು ಎಳೆ ಮಗುವಿಗೆ ಹಾಗೇ ಸೋಕಿಸುವುದಿಲ್ಲ. ಕುದಿಯುವ ನೀರಲ್ಲಿ ಹಾಕಿ ತೆಗೆದು, ಬಿಸಿಲಲ್ಲಿ ಒಣಗಿಸಿ, ಮೂಲೆಗೆ ಒಂದು ಚೂರು ಅರಿಶಿನ ಹಚ್ಚಿದ ಮೇಲೆಯೇ ತೊಟ್ಟಿಲಿಗೆ. ಇದು ನನಗೆ ಹೊಸದಲ್ಲ. ನನ್ನ ಮಗಳ ಬಟ್ಟೆಗಳನ್ನೆಲ್ಲ ನಾನೇ ಹಾಗೆ ಕುದಿಸಿದ್ದೆ. ಶಿವಾಜಿನಗರದ ಅಂಗಡಿಯಲ್ಲಿ ಈ ಕುದಿಸುವ ವಿಷಯ ಮಾತ್ರ ಎಲ್ಲಿ ಹೋಗಿತ್ತೋ! ಅಮ್ಮ ದೊಡ್ಡ ಪಾತ್ರೆಯಲ್ಲಿ ನೀರಿಟ್ಟರು. ನಾನು ಅಡುಗೆಮನೆಗೆ ಓಡಿಬರುವಷ್ಟರಲ್ಲಿ ಬಟ್ಟೆ ನೀರೊಳಗಿತ್ತು. ನೀರು ಬೀಟ್‌ರೂಟ್ ಬೇಯಿಸಿದ ಹಾಗೆ ಆಗಿತ್ತು.

ಇಕ್ಕಳದಲ್ಲಿ ಎತ್ತಿ ತಣ್ಣೀರಿಗೆ ಹಾಕಿ ಹಿಂಡಿದೆ. ಬಿಳಿ ಬಟ್ಟೆಯೆಲ್ಲ ಗುಲಾಬಿ. ಗಿಳಿಯ ಹಸಿರು ಬಿಟ್ಟುಕೊಂಡು ಕೆಂಪಿನ ಜೊತೆ ಸೇರಿ ಕೆಸರಿನ ಬಣ್ಣವಾಗಿತ್ತು.

"ಏನಾಯ್ತೇ? ಯಾಕೆ ಸುಮ್ನಾದೆ?" ಎಂದರು ಅಮ್ಮ. ಬಟ್ಟೆಯನ್ನು ನನ್ನ ಕೈಯಿಂದ ಕಿತ್ತುಕೊಂಡು ಕಿಟಕಿಯ ಹತ್ತಿರ ಹೋದರು. ಒದ್ದೆ ಬಟ್ಟೆಯನ್ನು ಕಣ್ಣಿಗೆ ಒತ್ತಿಕೊಳ್ಳುವಷ್ಟು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಡಬ್ಬದ ತಳದಲ್ಲಿ ಯಾವ್ದೋ ಕಾಲದ ಕಚ್ಚಾ ಬಣ್ಣದ ದಾರ ಇತ್ತು. ಕಣ್ಣು ಕಾಣ್ದೆ ಅದನ್ನೇ ಎತ್ಕೊಂಡಿದೀನಿ," ಎಂದರು.

"ದಾರಾನೇ ಸರಿ ಇರ್ಲಿಲ್ವೇನೋ ಅಮ್ಮ," ಎಂದೆ ನಾನು, ಗಂಟಲೊಳಗೇ.

"ಸುಮ್ನಿರು. ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ. ನೀನು ಒಳ್ಳೇ ದಾರಾನೇ ತಂದ್ಕೊಟ್ಟೆ, ಹಾಳು ಮಾಡ್ದೋಳು ನಾನು."

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಬದಲಿಗೆ ಸಿಕ್ಕಸಿಕ್ಕವರ ಮೇಲೆ ಹರಿಹಾಯ್ದೆ. ನನ್ನ ಗಂಡ ಪೇಪರಿನಿಂದ ತಲೆಯೆತ್ತಿ, "ದಾರ ತಾನೇ, ಆನ್‌ಲೈನಲ್ಲಿ ರೆಡಿಮೇಡ್ ಹಾಸು ತರ್ಸಿದ್ರಾಯ್ತು," ಎಂದದ್ದೇ ತಡ, "ನಿಮಗೇನ್ರೀ ಗೊತ್ತು ಕೈಕೆಲಸದ ಬೆಲೆ? ನಾಲ್ಕು ತಿಂಗಳು ಕೂತು ನೋಡಿ ಒಂದ್ಸಲ!" ಎಂದು ಮನೆ ಹಾರಿಹೋಗುವ ಹಾಗೆ ಕೂಗಿದೆ. ಪಾಪ, ಅವರು ಆಡಿದ್ದು ನಾನು ಅಂಗಡಿಯಲ್ಲಿ ಅಂದುಕೊಂಡದ್ದನ್ನೇ. ಅವರ ಬಾಯಿಂದ ಕೇಳಿದಾಗ ಮಾತ್ರ ತಡೆಯಲಾಗಲಿಲ್ಲ.

ಅಷ್ಟಕ್ಕೂ ಸಾಲದೆ ಸಂಜೆ ಆಟೋ ಹಿಡಿದು ಶಿವಾಜಿನಗರಕ್ಕೆ ಹೋದೆ. ಅಂಗಡಿಗೆ ನುಗ್ಗಿ ಆ ಬಟ್ಟೆಯನ್ನು ಕೌಂಟರಿನ ಮೇಲೆ ಬಿಸಾಡಿದೆ. "ಇದೇನ್ರೀ ನೀವು ಮಾರೋ ಮಾಲು? ವಯಸ್ಸಾದೋರ ಕೆಲಸ ಎಲ್ಲಾ ಹಾಳಾಯ್ತಲ್ರೀ! ನಾಚಿಕೆ ಆಗಲ್ವಾ?" ಅಂಗಡಿಯಲ್ಲಿದ್ದ ಇಬ್ಬರು ಹೆಂಗಸರು ತಿರುಗಿ ನೋಡಿದರು.

ಯಜಮಾನರು ಕನ್ನಡಕ ಹಾಕಿಕೊಂಡು ಬಟ್ಟೆಯನ್ನು ಬಿಡಿಸಿದರು. ನನಗೆ ಉತ್ತರ ಕೊಡುವ ಮೊದಲು ಮಗುಚಿ ಹಿಂದುಗಡೆಯ ಹೊಲಿಗೆಯನ್ನು ನೋಡಿದರು. ಅಲ್ಲಿ ಒಂದು ಗಂಟೂ ಇರಲಿಲ್ಲ. ಅಷ್ಟು ಸಲ ಗಂಟು ಬಿದ್ದದ್ದನ್ನೆಲ್ಲ ಅಮ್ಮ ಬಿಡಿಸಿದ್ದರು.

"ಯಾರ್ದಮ್ಮಾ ಈ ಕೈ? ಈಗ ಯಾರೂ ಇಂಥಾ ಕೆಲಸ ಮಾಡಲ್ಲ," ಎಂದರು ಮೆಲ್ಲಗೆ. ಆಮೇಲೆ ನನ್ನ ಮುಖ ನೋಡಿದರು. "ಈ ಮಾಲನ್ನ ಕೇಳ್ದೆ ನಾನು ಯಾರಿಗೂ ಕೊಡಲ್ಲ. ಗೋಡೆಗಾ, ತೊಳ್ಯೋ ಬಟ್ಟೆಗಾ ಅಂತ ಕೇಳೇ ಕೊಡೋದು. ನೀವು ಏನು ಹೇಳಿದ್ರಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನ ಸ್ಥಿತಿ ಅದೇ. ಬಟ್ಟೆ ಮಡಿಚಿಕೊಂಡೆ. "ಕಾಸಿಗೆ ತಕ್ಕ ಕಜ್ಜಾಯ ಅಮ್ಮಾ," ಎಂದರು ಅವರು, ವ್ಯಂಗ್ಯವಿಲ್ಲದೆ. ಅದೇ ಕೆಂಪು ನಂಬರಿನ ಕಂಪನಿ ದಾರದ ಒಂದು ಲಡಿಯನ್ನು ಕೇಳಿ ತೆಗೆದುಕೊಂಡು, ತಲೆ ತಗ್ಗಿಸಿ ಹೊರಬಂದೆ.

ನಾಮಕರಣಕ್ಕೆ ಆನ್‌ಲೈನಿನ ಹಾಸೇ ಆಯಿತು. ಬಲೂನಿನ ಕಮಾನಿನ ಕೆಳಗೆ ಅದೂ ಚೆನ್ನಾಗಿಯೇ ಕಂಡಿತು. ಅಮ್ಮ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದರು. ನಮ್ಮ ಬೀಗಿತ್ತಿ ಅವರ ಹತ್ತಿರ ಬಂದು, "ನೀವೇನೋ ಕೈಯಲ್ಲೇ ಹೊಲೀತಿದ್ರಂತಲ್ಲ ಅಜ್ಜಿ, ಎಲ್ಲಿ ಅದು?" ಎಂದು ಕೇಳಿದರು.

"ಅಯ್ಯೋ, ಅದೆಲ್ಲ ನನ್ ಕೈಲಿ ಎಲ್ಲಾಗುತ್ತಮ್ಮ? ಕಣ್ಣು ಕೈಕೊಡ್ತು," ಎಂದು ಅಮ್ಮ ನಕ್ಕರು. ನಾನು ಎರಡು ಅಡಿ ದೂರದಲ್ಲಿ ತಾಂಬೂಲದ ತಟ್ಟೆ ಹಿಡಿದು ನಿಂತಿದ್ದೆ. ಮಗಳ ಅತ್ತೆಯ ಎದುರು ಮಾನ ಹೋಗುತ್ತದೆ ಎಂದು ಹಲ್ಲು ಕಚ್ಚಿಕೊಂಡೆ. ನನ್ನ ಮಾನ ಉಳಿಸಲು ಅಮ್ಮ ತಮ್ಮದನ್ನು ಕೊಟ್ಟರು. ಹಾಗೆ ಕೊಡುತ್ತಿದ್ದೇನೆ ಎಂದು ಅವರಿಗೆ ಗೊತ್ತೂ ಇರಲಿಲ್ಲ.

ಅದಾಗಿ ಮೂರನೆಯ ದಿನ ಬೆಳಿಗ್ಗೆ ಪಕ್ಕದ ಮನೆಯಾಕೆ ಬಾಣಂತಿಯನ್ನು ನೋಡಲು ಬಂದಿದ್ದಳು. ಆಕೆಯೂ ಹೊಲಿಗೆ ಕಲಿಯುತ್ತಿದ್ದಾಳೆ. ನಾನು ಕಾಫಿ ತರುವಷ್ಟರಲ್ಲಿ ಅಮ್ಮ ಬಿಸ್ಕತ್ತಿನ ಡಬ್ಬವನ್ನು ಅವಳ ಮಡಿಲಿಗೆ ಇಟ್ಟಿದ್ದರು.

"ಎಲ್ಲಾ ತಗೊಂಡ್ಹೋಗಮ್ಮ. ಸೂಜಿ, ಕತ್ರಿ, ದಾರ ಎಲ್ಲಾ ಇದೆ. ನಾನು ಇನ್ನು ಮುಟ್ಟಲ್ಲ. ಮುಟ್ಟಿದ್ದೆಲ್ಲಾ ಹಾಳಾಗುತ್ತೆ."

ಕಾಫಿಯ ಲೋಟ ಟೇಬಲ್ಲಿನ ಮೇಲೆ ಇಟ್ಟವಳು ಡಬ್ಬವನ್ನು ಕಿತ್ತುಕೊಂಡೇಬಿಟ್ಟೆ. ಆಕೆ ಗಾಬರಿಯಾಗಿ ಎದ್ದು ನಿಂತಳು. "ಇನ್ನೊಂದ್ಸಲ ಬನ್ನಿ," ಎಂದು ಕಳಿಸಿ ಬಾಗಿಲು ಹಾಕಿ, ಅಮ್ಮನ ಮಣೆಯ ಪಕ್ಕ ನೆಲದ ಮೇಲೆ ಕೂತೆ. ಎಲ್ಲ ಹೇಳಿದೆ. ಗೋಡೆಗೆ ಅಂದದ್ದು, ಕಾಗದದ ಪಟ್ಟಿ ಕಿತ್ತದ್ದು, ಆಮೇಲೆ ಕಂಪನಿ ದಾರ ತಂದು ಬಚ್ಚಿಟ್ಟದ್ದು, ನೀನು ಮುಗಿಸುವುದಿಲ್ಲ ಅಂದುಕೊಂಡದ್ದು, ಅದನ್ನೂ ಬಿಡಲಿಲ್ಲ. "ನಿನ್ನ ಕಣ್ಣಿಂದಲ್ಲ ಅಮ್ಮ, ಕೈಯಿಂದಲೂ ಅಲ್ಲ. ನಾನು ಮಾಡಿದ್ದು," ಎಂದೆ. ಬೈಯಲಿ, ಎರಡು ಏಟು ಹಾಕಲಿ ಎಂದು ಕಾದೆ.

ಅಮ್ಮ ಬೈಯಲಿಲ್ಲ. ಆ ಕಂಪನಿ ದಾರಕ್ಕೆ ಕೈ ಚಾಚಿದರು. ಶಿವಾಜಿನಗರದಿಂದ ತಂದು ಬೀರುವಿನಲ್ಲಿ ಬಚ್ಚಿಟ್ಟಿದ್ದ ಲಡಿಯನ್ನು ತಂದು ಆ ಕೈಯಲ್ಲಿ ಇಟ್ಟೆ. ಹೆಬ್ಬೆರಳು ತೋರುಬೆರಳ ನಡುವೆ ದಾರವನ್ನು ಒಮ್ಮೆ ಎಳೆದರು. ಒಮ್ಮೆ ಸಾಕಾಯಿತು.

"ಮೊದಲ್ನೇ ದಿನಾನೇ ನನ್ ಬೆರಳಿಗೆ ಗೊತ್ತಾಗಿತ್ತು ಕಣೇ, ನೀನು ತಂದಿದ್ದು ಕಂಪನೀದಲ್ಲ ಅಂತ," ಎಂದರು. "ನೀನು ಹೇಳಿದ್ಯಲ್ಲ ಅಂತ ನನ್ ಬೆರಳನ್ನೇ ನಂಬ್ಲಿಲ್ಲ."